ರೇಡಿಯೊ ಅಳಿಸದ ಸುದ್ದಿ

ಕುರ್ಚಿ ಕಾರ್ಖಾನೆಯಲ್ಲಿ ಎಲ್ಲರೂ ಅವನನ್ನು ರೇಡಿಯೊ ಎಂದೇ ಕರೆಯುತ್ತಿದ್ದರು. ಉಪ್ಪುಕಾಗದ ಹಿಡಿದು ಕುರ್ಚಿಕಾಲು ಉಜ್ಜುವುದು ಅವನ ಕೆಲಸ. ಚಹಾ ಹೊತ್ತಿನಲ್ಲಿ ಮರದ ದಿಮ್ಮಿಯ ಮೇಲೆ ಕೂತು ಮೊಬೈಲಿನಿಂದ ಸುದ್ದಿ ಓದುವುದು ಯಾರೂ ಕೊಡದೆ ತಾನೇ ಹೊತ್ತುಕೊಂಡ ಹುದ್ದೆ. ಉಜ್ಜುವುದರಲ್ಲಿ ಅವನನ್ನು ಮೀರಿಸುವವರು ಕೋಣೆ ತುಂಬ ಇದ್ದರು. ಗಂಟಲೊಂದೇ ಅವನದು ದೊಡ್ಡದು.

ತಂಟೆ ಶುರುವಾದದ್ದು ಒಬ್ಬ ನಟಿಯ ವಿಚ್ಛೇದನದಿಂದ. ಅದನ್ನವನು ಚಪ್ಪರಿಸಿಕೊಂಡು ಓದಿದ್ದ. ಮೊಬೈಲು ಅವನ ರುಚಿ ಹಿಡಿದುಬಿಟ್ಟಿತು. ಅಂದಿನಿಂದ ಎಲ್ಲೆಲ್ಲಿಯ ಮುರಿದ ಮದುವೆಗಳನ್ನೂ ಹುಡುಕಿ ತಂದು ಮುಂದೆ ಸುರಿಯತೊಡಗಿತು.

"ಲೋ ರೇಡಿಯೊ, ಲೋಕದಲ್ಲಿ ಯಾರೂ ಕೂಡಿ ಬಾಳ್ತಾನೇ ಇಲ್ವೇನೋ?" ಎಂದು ಕೇಳಿ, ಕುರ್ಚಿಗಳಿಗೆ ಪಾಲಿಶ್ ಹಚ್ಚುವ ಅಕ್ಕ ಕೆಮ್ಮಿದಳು. ಮರದ ಪುಡಿ ಅವಳ ಎದೆಯಲ್ಲಿ ಮನೆ ಮಾಡಿ ಬಹಳ ಕಾಲವಾಗಿತ್ತು. ಧೂಳು ಹೀರುವ ಫ್ಯಾನ್ ತರಿಸುತ್ತೇನೆಂದು ಯಜಮಾನರು ಹೇಳುತ್ತಲೇ ಇದ್ದರು.

"ನಾನೇನ್ ಮಾಡ್ಲಿ ಅಕ್ಕ, ಅದು ಕೊಟ್ಟಿದ್ದು ಓದ್ತೀನಿ."

"ಕೊಡೋಕೆ ಅದ್ಯಾವನು? ನಿನ್ನ ಕೈಲಿರೋದು ಮೊಬೈಲೋ, ಮೂಗುದಾರವೋ?"

ಮಾತು ನಾಟಿತು. ತಾನು ಓದುವುದನ್ನು ತಾನೇ ಆರಿಸಬೇಕೆಂದು ಹಟ ತೊಟ್ಟು ಅವನು ಫೀಡ್ ರೀಡರ್ ಹುಡುಕಲು ಹೊರಟ. ಯಾವ ಜಾಲತಾಣಗಳು ಬೇಕೆಂದು ನಾವು ಹೇಳಿದರೆ ಸಾಕು, ಅವು ಹಾಕಿದ್ದನ್ನೆಲ್ಲ ಹಾಕಿದ ಕ್ರಮದಲ್ಲೇ ತಂದಿಡುವ ಆ್ಯಪ್ ಅದು. ಮೊದಲು ಸಿಕ್ಕಿದ್ದಕ್ಕೆ ಮದುಮಗಳಷ್ಟು ಸಿಂಗಾರ, ತೆರೆಯುವಷ್ಟರಲ್ಲಿ ಚಹಾ ಆರುತ್ತಿತ್ತು. ಇನ್ನೊಂದು 'ನಿಮಗಿದು ಇಷ್ಟವಾಗಬಹುದು' ಎಂದು ಶುರುಮಾಡಿತು. ಅವನು ಆ ಕ್ಷಣವೇ ಕಿತ್ತೆಸೆದ. ಕೊನೆಗೆ ಆರಿಸಿದ್ದು ಬೂದುಬಣ್ಣದ, ಬೋಳುಬೋಳಾದ ಒಂದನ್ನು. ಅದಕ್ಕೆ ಅವನ ಬಗ್ಗೆ ಏನೇನೂ ಕುತೂಹಲವಿರಲಿಲ್ಲ. ಅದೇ ಅವನಿಗೆ ಹಿಡಿಸಿತು.

ಅಕ್ಕನ ಮಾತಿನಂತೆ ನಗರಸಭೆಯ ಪ್ರಕಟಣೆಗಳ ಪುಟವನ್ನೂ ಅದಕ್ಕೆ ಸೇರಿಸಿದ. ತಾಣಗಳ ಪಟ್ಟಿಯನ್ನು ಬೇರೆಯವರಿಗೂ ಕಳಿಸಬಹುದೆಂದು ಗೊತ್ತಾದದ್ದೇ ತಡ, ಉದಾರಿಯಾಗಿ ಎಲ್ಲರ ಮೊಬೈಲಿಗೂ ಆ್ಯಪ್ ಸಮೇತ ಹಾಕಿಕೊಟ್ಟ. ಬೋಳುತಲೆಯಲ್ಲಿ ಕೂದಲು ಬೆಳೆಸುವ ತಾಣವೊಂದು ಅದರೊಳಗೇ ಇರುವುದು ಮರೆತೇಹೋಗಿತ್ತು. ಮರುದಿನ ಇಡೀ ಕಾರ್ಖಾನೆಗೆ ಈರುಳ್ಳಿ ರಸದ ಮಹಿಮೆ ತಿಳಿಯಿತು.

"ಟೋಪಿ ಯಾಕೆ ತೆಗೆಯಲ್ಲ ಅಂತ ಈಗ ಗೊತ್ತಾಯ್ತು ಬಿಡು!" ಎಂದು ಅಕ್ಕ ಕೆಮ್ಮುತ್ತಲೇ ನಕ್ಕಳು. ನಾಚಿ ನೀರಾದರೂ ಅವನು ಪಟ್ಟಿಯನ್ನು ಹಿಂದಕ್ಕೆ ಪಡೆಯಲಿಲ್ಲ.

ಸೋಮವಾರ ನಗರಸಭೆಯ ಪ್ರಕಟಣೆ ಬಂತು. ಮರಗೆಲಸದ ಕಾರ್ಖಾನೆಗಳಲ್ಲಿ ಧೂಳು ಹೀರುವ ಫ್ಯಾನ್ ಕಡ್ಡಾಯ ಮಾಡುವ ಬಗ್ಗೆ ಗುರುವಾರ ಮಧ್ಯಾಹ್ನ ಅಹವಾಲು ಸಭೆ. ಕೆಲಸಗಾರರೂ ಬಂದು ಮಾತಾಡಬಹುದು. ಯಜಮಾನರು ಈ ಬಗ್ಗೆ ತುಟಿ ಬಿಚ್ಚಿರಲಿಲ್ಲ. ಅವನು ಅದನ್ನು ಗಟ್ಟಿಯಾಗಿ ಓದಿದ. ಸಾಲದೆಂದು ಕಾರ್ಖಾನೆಯ ವಾಟ್ಸಾಪ್ ಗುಂಪಿಗೂ ಹಾಕಿದ. ಆ ಗುಂಪಿನಲ್ಲಿ ಯಜಮಾನರೂ ಇದ್ದರು.

ಅರ್ಧ ಕುರ್ಚಿಕಾಲು ಉಜ್ಜುವಷ್ಟರಲ್ಲಿ ಮೇಸ್ತ್ರಿ ಬಂದ.

"ಏನಪ್ಪ ರೇಡಿಯೊ, ಬಾಲ ಬಿಚ್ತಿದೀಯ? ಅಳಿಸು ಅದನ್ನ."

"ಸುಳ್ಳಾಗಿದ್ರೆ ಅಳಿಸ್ತಿದ್ದೆ."

"ನಂಗೇ ಎದುರುತ್ತರ ಕೊಡ್ತೀಯೇನೋ?"

"ಅಳಿಸಿದ್ರೂ ಏನುಪಯೋಗ ಮೇಸ್ತ್ರಿಗಳೇ? ಎಲ್ಲರ ಮೊಬೈಲಿಗೂ ನೇರವಾಗೇ ಬಂದಿದೆ. ನಗರಸಭೆಯವರಿಗೇ ಹೇಳಿ, ಅಳಿಸ್ಲಿ."

ಅವನ ದೊಡ್ಡ ಗಂಟಲು ಆ ಹೊತ್ತಿಗೆ ಕೈಕೊಟ್ಟು, ಮಾತು ಕೀರಲಾಗಿ ಹೊರಬಂತು. ಯಾರೋ ಕಿಸಕ್ಕೆಂದರು.

"ಅಳಿಸು, ಇಲ್ಲಾಂದ್ರೆ ನಾಳೆಯಿಂದ ಬರ್ಬೇಡ."

"ನಾಳೆ ಬರ್ತೀನಿ. ಗುರುವಾರ ಮಧ್ಯಾಹ್ನ ಮಾತ್ರ ಬರಲ್ಲ."

"ನಾನೂ ಬರಲ್ಲ," ಎಂದಳು ಅಕ್ಕ, ಪಾಲಿಶ್ ಬಟ್ಟೆ ಹಿಂಡುತ್ತ.

ಗುರುವಾರ ಸಭೆಗೆ ಹೋದವರು ಐವರು. ಸಾಲುಕುರ್ಚಿಗಳ ಮುಂಭಾಗದಲ್ಲಿ ಕೂತಿದ್ದ ಯಜಮಾನರು ಎದ್ದು, "ನಮ್ಮ ಹುಡುಗರಿಗೆ ಏನೂ ತಕರಾರಿಲ್ಲ ಸಾರ್," ಎಂದು ಅಧಿಕಾರಿಗೆ ಹೇಳುತ್ತಿದ್ದರು. ಹಿಂದಿನ ಸಾಲಿನಲ್ಲಿ ಅವನು ಎದ್ದು ನಿಂತ. ಮುಂದಿನ ಕುರ್ಚಿಯ ಬೆನ್ನು ಗಟ್ಟಿಯಾಗಿ ಹಿಡಿದುಕೊಂಡ.

ಯಜಮಾನರು ತಿರುಗಿ ನೋಡಿದರು. "ನಿಂಗ್ಯಾರೋ ಹೇಳಿದ್ದು ಇಲ್ಲಿಗೆ ಬಾ ಅಂತ?"

"ಇವರೇ ಕರೆದಿದ್ದು ಸಾರ್," ಎಂದು ಅಧಿಕಾರಿಯ ಕಡೆ ಕೈ ತೋರಿದ. "ತಕರಾರಿದೆ. ಮೊದಲು ಅಕ್ಕ ಮಾತಾಡ್ತಾರೆ. ಅವರಿಗೆ ಕೆಮ್ಮು ಬಂದಾಗ ನಾನು ಮುಂದುವರಿಸ್ತೀನಿ."