ಎಂಟು ಕೆಂಪು ಚೀಟಿ

೧೯೮೮ರ ಸೆಪ್ಟೆಂಬರ್ ೨೧, ಬುಧವಾರ, ಹಿರೇಕೆರೂರು. ಬೆಳಿಗ್ಗೆ ಜಿಟಿಜಿಟಿ ಮಳೆ; ಹನ್ನೊಂದರ ಅನಂತರ ಬಿಸಿಲು.

ನಮ್ಮ ಬೀಜ ಬೆಳೆಗಾರರ ಸಂಘದ ಕಂಪ್ಯೂಟರು ನಾಲ್ಕು ವರ್ಷ ಹಳೆಯದು. ಅದನ್ನು ನಡೆಸುವ ಡಾಸ್ ವ್ಯವಸ್ಥೆಯ ಹೊಸ ಫ್ಲಾಪಿ ಬಂದಿದೆ. ಇನ್ನು ಮುಂದೆ ಬೆಳೆಗಾರರ ಪಟ್ಟಿ ಅದರಲ್ಲಿಯೇ ಆಗಬೇಕು. ಹಳೆಯ ಯಂತ್ರದ ಮೆಮೊರಿ ಅದಕ್ಕೆ ಸಾಲದು. ಈ ಮಾದರಿಗೆ ತಾವಿನ್ನು ಏನೂ ಮಾಡಲಾರೆವೆಂದು ಮಾರಿದವರು ಬರೆದರು. ಶನಿವಾರದೊಳಗೆ ಅದು ನಡೆಯದಿದ್ದರೆ ಪಟ್ಟಿಯ ಕೆಲಸ ಹುಬ್ಬಳ್ಳಿಗೆ ಹೋಗುತ್ತದೆ, ಕಂಪ್ಯೂಟರ್ ಕೋಣೆಗೆ ಬೀಗ ಬೀಳುತ್ತದೆ. ಆ ಕೋಣೆಯ ಧೂಳು ಒರೆಸುವ ಭರಮವ್ವನಿಗೆ ಬೇರೆ ಕೆಲಸವಿಲ್ಲ.

ಭರಮವ್ವ ಹದಿನಾರು ವರ್ಷ ಹತ್ತಿ ಹೊಲಗಳಲ್ಲಿ ಕ್ರಾಸಿಂಗ್, ಅಂದರೆ ಎರಡು ತಳಿ ಕೂಡಿಸುವ ಕೆಲಸ, ಮಾಡಿದವಳು. ಸಂಜೆ ಮೊಗ್ಗು ಬಿಡಿಸಿ, ನಡುವಿನ ಹೆಣ್ಣು ಕಡ್ಡಿಗೆ ಗಾಯವಾಗದಂತೆ ಗಂಡು ಕೇಸರಗಳನ್ನು ಉಗುರಿನಿಂದ ತೆಗೆದು, ಮುಗಿದ ಹೂವಿಗೆ ಗುರುತಿನ ಕೆಂಪು ಚೀಟಿ ಮುಚ್ಚುವುದು ಅವಳ ಕೆಲಸ. ಮೊಣಕಾಲು ಸೋತ ಮೇಲೆ ಇಲ್ಲಿಗೆ ಬಂದಳು.

ದಾರಿ ತೋರಿಸಿದವನು ಹಾನಗಲ್ಲಿನ ರೇಡಿಯೊ ರಿಪೇರಿಯ ಮಾರೆಪ್ಪ. ಯಂತ್ರದೊಳಗಿನ ಒಂಬತ್ತು ಮೆಮೊರಿ ಚಿಪ್‌ಗಳ ಮೇಲೆ ಅಂಥವೇ ಒಂಬತ್ತನ್ನು ಕೂರಿಸಿ, ಒಂದು ಕಾಲನ್ನು ಬೇರೆ ತಂತಿಗೆ ಸೇರಿಸಿ, ಉಳಿದವನ್ನು ಕಾಲಿಗೆ ಕಾಲು ಬೆಸೆಯಬೇಕು. ಆದರೆ ಲಕ್ವ ಹೊಡೆದಂದಿನಿಂದ ಅವನ ಕೈ ನಡುಗುತ್ತದೆ. ಕೆಟ್ಟ ರೇಡಿಯೊ ಒಂದರ ಮೇಲೆ ಎರಡು ದಿನ ಭರಮವ್ವನಿಗೆ ಕಲಿಸಿದ. ಇಂದು ಅವಳು ಕಾದ ಬೆಸುಗೆ ಕಡ್ಡಿ ಹಿಡಿದಳು.

"ಅಕ್ಕ, ಒಂದು ಕಾಲು ಮುರದ್ರೂ ಸಾಹೇಬ್ರು ನನ್ನ ಕಾಲು ಮುರೀತಾರ ನೋಡು," ಎಂದ ಮಾರೆಪ್ಪ, ನನ್ನ ಕಡೆ ಕಣ್ಣು ಹಾಯಿಸಿ.

"ಹೂವಿಗೆ ನೋವಾಗದಂಗ ಕೆಲಸ ಮಾಡಿದಾಕಿ ನಾನು. ಈ ಕರೇ ಜಿರಳಿ ಏನ್ ಮಹಾ? ನೀ ಸುಮ್ನ ಕುಂಡ್ರು, ತಮ್ಮಾ. ನಿನ್ನ ಉಸಿರು ಬಡೀತೈತಿ."

ಒಂದೊಂದು ಚಿಪ್ ಮುಗಿದಾಗಲೂ ಅದರ ಮೇಲೆ ಕೆಂಪು ಚೀಟಿ ಇಟ್ಟಳು. ನಡುವೆ ಕರೆಂಟು ಹೋಯಿತು. ಅರ್ಧ ತಾಸು ಚಹಾ ಕುಡಿದು ಕೂತೆವು. ಕರೆಂಟು ಮತ್ತೆ ಬಂದಾಗ ಉಳಿದದ್ದನ್ನು ಮುಗಿಸಿ, ಚೀಟಿಗಳನ್ನು ಆರಿಸತೊಡಗಿದಳು. ಮಾರೆಪ್ಪನ ಕೈ ಸ್ವಿಚ್ಚಿನ ಮೇಲಿತ್ತು.

"ತಡಿ ತಡಿ! ಎಂಟ ಅದಾವ."

"ಒಂದು ಗಾಳಿಗೆ ಹಾರಿರಬೇಕು ಬಿಡಕ್ಕ."

"ಹೊಲದಾಗ ಹಂಗ ಅಂದಾಕಿಗೆ ಮರುದಿನ ಕೆಲಸ ಇಲ್ಲಪ್ಪ."

ಕಣ್ಣು ಕಿರಿದಾಗಿಸಿ ಹುಡುಕಿದಳು. ಏಳನೆಯದರ ಮೂರು ಕಾಲು ಬೆಸೆದಿರಲಿಲ್ಲ. ಕರೆಂಟು ಹೋದಾಗ ಕೈಯಲ್ಲಿದ್ದದ್ದು ಅದೇ. ಮುಗಿಸಿ, ಚೀಟಿ ಇಟ್ಟು, ತೆಗೆದು, ಒಂಬತ್ತೂ ಎಣಿಸಿದ ಮೇಲೆಯೇ ತಲೆಯಾಡಿಸಿದಳು.

ಪರದೆಯ ಮೇಲೆ ಮೆಮೊರಿ ಎಣಿಸುವ ಅಂಕಿ ಎಂದಿನಂತೆ ೨೫೬ಕ್ಕೆ ನಿಲ್ಲಲಿಲ್ಲ. ಏರುತ್ತ ೫೧೨ಕ್ಕೆ ಹೋಗಿ ನಿಂತಿತು. ಹೊಸ ಫ್ಲಾಪಿ ಹಾಕಿದೆ. ಗುರುಗುಟ್ಟಿ, ಯಂತ್ರ ಒಪ್ಪಿತು. ಮಾರೆಪ್ಪ ಕಣ್ಣೊರೆಸಿಕೊಂಡು, ಬೆಸುಗೆಯ ಹೊಗೆ ಎಂದ.

ಭರಮವ್ವ ಪೊರಕೆ ಕೈಗೆತ್ತಿಕೊಂಡಳು. "ಹಂಗಾರ ಸೋಮವಾರನೂ ಬರ್ಲೇನ್ರಿ, ಸಾಹೇಬ್ರ?"

"ಬರಬೇಕು," ಎಂದೆ.

ಖರ್ಚು: ಹುಬ್ಬಳ್ಳಿಯ ಗುಜರಿಯಿಂದ ತಂದ ಚಿಪ್ ಒಂಬತ್ತು, ೨೭೦ ರೂಪಾಯಿ. ಬೆಸುಗೆ ತಂತಿ ೧೨. ಮಾರೆಪ್ಪನ ಬಸ್ ಚಾರ್ಜು ೯. ಚಹಾ ಮೂರು, ಒಂದೂವರೆ ರೂಪಾಯಿ. ಕೆಂಪು ಕಾಗದ ಭರಮವ್ವನ ಮನೆಯದು.