ಎಡಗಾಲಿನ ಪೆಡಲು

ನನ್ನ ಗಂಡ ಸೈಕಲ್ ರಿಪೇರಿ ಮಾಡುತ್ತಿದ್ದರು. ಸಾಯುವ ಹಿಂದಿನ ದಿನ ಭುಜ ನೋಯುತ್ತಿದೆ ಎಂದರು. ಆಸ್ಪತ್ರೆಯ ನರ್ಸಮ್ಮನ ಸೈಕಲ್ಲಿನ ಎಡಗಡೆ ಪೆಡಲು ಬಿಚ್ಚಲು ನನಗೆ ಪಾನಾ ಕೊಟ್ಟರು. ಇದ್ದಬದ್ದ ಶಕ್ತಿಯೆಲ್ಲ ಹಾಕಿ ತಿರುಗಿಸಿದೆ. ಜಪ್ಪಯ್ಯ ಎನ್ನಲಿಲ್ಲ.

"ಏನೇ, ಬಿಚ್ಚು ಅಂದ್ರೆ ಬಿಗೀತಾ ಇದೀಯಲ್ಲ. ಅದು ಉಲ್ಟಾ ಥ್ರೆಡ್ಡು. ಆ ಕಡೆ ತಿರುಗಿಸು."

"ಊರಿನ ನಟ್ಟೆಲ್ಲ ಒಂದು ದಾರಿ, ಇದಕ್ಕೇ ಒಂದು ದಾರಿ. ಥೇಟ್ ನಿಮ್ಮ ಹಾಗೆ."

ನಕ್ಕರು. "ಎಲ್ಲದರ ಥರ ಮಾಡಿದ್ರೆ ತುಳೀತಾ ತುಳೀತಾ ತಾನೇ ಬಿಚ್ಕೊಂಡು ಬೀಳುತ್ತೆ ಕಣೇ. ಎಡಗಾಲಿಗೆ ಇದೇ ಸರಿ."

ಪಾನಾ ಹಿಡಿದು ಹಾಗೇ ನಿಂತೆ. ತುಳಿಯುವ ಕಾಲೇ ಪೆಡಲನ್ನು ಸಡಿಲ ಮಾಡಬಾರದೆಂದು ಯಾರೋ ಒಬ್ಬರು ಕೂತು ಯೋಚಿಸಿದ್ದಾರೆ. ಇಷ್ಟು ವರ್ಷ ಅದರ ಪಕ್ಕದಲ್ಲೇ ಬಾಳಿದ್ದೆ, ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಅವರು ಏಳಲಿಲ್ಲ. ನಿದ್ದೆಯಲ್ಲೇ ಉಸಿರು ನಿಂತಿತ್ತು.

ಸ್ವಲ್ಪ ದಿನ ಕಳೆದು ಅವರ ಅಣ್ಣ, ನನ್ನ ಭಾವ, ಗುಜರಿಯವನನ್ನು ಕರೆತಂದರು.

"ಅಂಗಡಿ ಖಾಲಿ ಮಾಡಮ್ಮ. ಇದು ಹೆಂಗಸಿನ ಕೈಲಾಗೋದಲ್ಲ."

ಅಂಗಡಿ ಹೋದರೆ ನನಗೆ ಅವರು ಇನ್ನೊಂದು ಸಲ ಸತ್ತಂತೆ. ನರ್ಸಮ್ಮನ ಸೈಕಲ್ಲಿನ ಚಕ್ರ ಇನ್ನೂ ಸ್ಟ್ಯಾಂಡಿನಲ್ಲಿತ್ತು, ಅವರು ಅರ್ಧ ಬೆಂಡು ತೆಗೆದಿಟ್ಟದ್ದು.

"ಇದೊಂದು ಮುಗಿಸ್ತೀನಿ ಭಾವ."

"ಆ ಬೆಂಡು ನೀನು ತೆಗೆದ್ರೆ ನಾನು ಈ ಮಾತೇ ಎತ್ತಲ್ಲ," ಎಂದರು ಭಾವ. ಗುಜರಿಯವನು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ.

ಕೂತೆ. ವಾಲಿದ ಜಾಗದ ಕಡ್ಡಿಗಳನ್ನೆಲ್ಲ ಬಿಗಿದೆ. ಚಕ್ರ ಮೊಟ್ಟೆಯ ಆಕಾರಕ್ಕೆ ತಿರುಗಿತು. ಎಲ್ಲ ಸಡಿಲಿಸಿ ಮೊದಲಿಂದ ಹಿಡಿದೆ. ರಿಮ್ಮು ಬಲಕ್ಕೆ ವಾಲಿದರೆ ಎಡದ ಕಡ್ಡಿ ಬಿಗಿಯಬೇಕು, ಬಲದ್ದು ಅಷ್ಟೇ ಬಿಡಬೇಕು. ನನ್ನ ಗಂಡ ಕಡ್ಡಿ ಮೀಟಿ ಕಿವಿಗೊಡುತ್ತಿದ್ದರು. ನಾನೂ ಮೀಟಿದೆ. ಸಡಿಲ ಇದ್ದದ್ದು ಮಂಕಾಗಿ, ಬಿಗಿ ಇದ್ದದ್ದು ಕಿಣ್ಣೆಂದು ಸದ್ದು ಮಾಡಿತು. ಇಷ್ಟು ತೆಳ್ಳನೆಯ ಕಡ್ಡಿಗಳು ಒಂದನ್ನೊಂದು ಎಳೆದು ಹಿಡಿದು ಮನುಷ್ಯನ ಭಾರ ಹೊರುತ್ತವೆ. ಸಂಜೆ ತಿರುಗಿಸಿದೆ. ರಿಮ್ಮು ನೀರು ಹರಿದಂತೆ ಕಂಡಿತು. ಮೈ ಜುಮ್ಮೆಂದಿತು. ಇದನ್ನು ಅವರು ಜೀವನವಿಡೀ ನೋಡಿ, ಏನೂ ಹೇಳದೆ ಮನೆಗೆ ಬಂದು ಉಣ್ಣುತ್ತಿದ್ದರು.

ಚಕ್ರ ಸೈಕಲ್ಲಿಗೆ ಹಾಕಿಕೊಟ್ಟೆ. ನರ್ಸಮ್ಮ ಓಡಿಸಿ ಬಂದರು. "ಒಂದು ಚೂರು ಅಲ್ಲಾಡುತ್ತೆ. ಬ್ರೇಕಿಗೆ ತಗುಲಲ್ಲ. ಸಾಕು ಬಿಡಿ."

ಭಾವ ಬಗ್ಗಿ ಚಕ್ರವನ್ನೊಮ್ಮೆ ತಿರುಗಿಸಿ ನೋಡಿದರು. ಮರುದಿನ ಗಾಡಿ ತಂದ ಗುಜರಿಯವನಿಗೆ, "ನೀನು ಹೋಗಪ್ಪ," ಎಂದರು.

ಈಗಲೂ ದಿನಾ ಬೆಳಿಗ್ಗೆ ದಾರಕ್ಕೆ ಕಟ್ಟಿದ ಅಯಸ್ಕಾಂತವನ್ನು ಅಂಗಡಿ ಮುಂದಿನ ರಸ್ತೆಯಲ್ಲಿ ಎಳೆಯುತ್ತೇನೆ. ಪಂಕ್ಚರ್ ಹಾಕುವವರೇ ಮೊಳೆ ಚೆಲ್ಲುತ್ತಾರೆಂದು ಜನ ಆಡಿಕೊಳ್ಳುತ್ತಾರಲ್ಲ, ಅದಕ್ಕೆ ನನ್ನ ಗಂಡ ಶುರುಮಾಡಿದ್ದು. ಸಿಕ್ಕ ಮೊಳೆಗಳನ್ನು ಡಬ್ಬಿಗೆ ಹಾಕಿ ಷಟರ್ ಎತ್ತುತ್ತೇನೆ.