ಇಲ್ಲದ ಮಗಳ ಇಂಗ್ಲಿಷ್

ಇಸ್ತ್ರಿ ಮಾಡಿದ ಶರ್ಟು ಮಡಿಸುವಾಗ ನಾವು ಒಳಗೊಂದು ಕಾಗದ ಇಡುತ್ತೇವೆ, ಮಡಿಕೆ ನೆಟ್ಟಗೆ ಕೂರಲಿ ಎಂದು. ರವೀಂದ್ರನಗರದಲ್ಲಿ ನನ್ನ ಇಸ್ತ್ರಿ ಗಾಡಿಯ ಮೇಲೆ ಎರಡು ಬಗೆಯ ಕಾಗದ ಇರುತ್ತಿದ್ದವು: ಮಡಿಕೆಗಿಡುವ ಹಳೇ ಪೇಪರು, ಮತ್ತೆ ನಾನು ಇಂಗ್ಲಿಷ್ ಪ್ರಬಂಧ ಬರೆಯುತ್ತಿದ್ದ ಹಾಳೆಗಳು. ಎರಡನೆಯದರ ಗುಟ್ಟು ಹೆಂಡತಿಗೆ ಮಾತ್ರ ಗೊತ್ತಿತ್ತು.

ನಾನು ಭದ್ರಾವತಿಯಲ್ಲಿ ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವನು. ಅಪ್ಪನ ಕೈ ನಡುಗಲು ಶುರುವಾದಾಗ ಇಸ್ತ್ರಿಪೆಟ್ಟಿಗೆ ನನ್ನ ಕೈಗೆ ಬಂತು. ಅದಕ್ಕೆ ನಾಚಿಕೆಯೇನೂ ಇಲ್ಲ. ನಾನು ಕೂರಿಸಿದ ಗೆರೆ ಪ್ಯಾಂಟು ಒಗೆಯುವವರೆಗೂ ಅಳಿಸದು. ಆದರೂ ಬಿಟ್ಟದ್ದನ್ನು ಮುಗಿಸಬೇಕೆಂಬ ಹಟ ಇತ್ತು. ಫೋನಿನಲ್ಲಿ ಕಲಿಯುತ್ತ, ಬರೆದೇ ಪಾಸಾಗುವ ಹಂತಗಳನ್ನು ಒಂದೊಂದೇ ದಾಟಿ, ಐವತ್ತನೇ ವಯಸ್ಸಿಗೆ ಎಲ್ಲಕ್ಕಿಂತ ಮೇಲಿನ ಇಂಗ್ಲಿಷ್ ಪರೀಕ್ಷೆಗೆ ಕಟ್ಟಿದೆ. ಫೇಲಾದರೆ ಯಾರೂ ನಗಬಾರದಲ್ಲ, ಅದಕ್ಕೇ ಗುಟ್ಟು.

ಬೆಳಿಗ್ಗೆ ಹೆಂಡತಿ ಗಾರ್ಮೆಂಟ್ಸ್ ಬಸ್ಸು ಹತ್ತಿದ ಮೇಲೆ ನೀರು ಹಿಡಿಯುವುದು, ಪಾತ್ರೆ, ಅನ್ನ ಎಲ್ಲ ನನ್ನ ಪಾಲು. ಅಕ್ಕಿ ತೊಳೆಯುತ್ತ ಹೊಸ ಪದಗಳನ್ನು ಗುನುಗುತ್ತಿದ್ದೆ. ಮಧ್ಯಾಹ್ನ ರಸ್ತೆಗೆ ರಸ್ತೆಯೇ ತೂಕಡಿಸುವಾಗ, ನೀರು ಚಿಮುಕಿಸಿದ ಬಟ್ಟೆಯಿಂದ ಎದ್ದ ಬಿಸಿ ಆವಿಯಲ್ಲಿ ಇಂಗ್ಲಿಷ್ ವಾಕ್ಯಗಳು ತೇಲಿ ಬರುತ್ತಿದ್ದವು. ಪೆಟ್ಟಿಗೆ ಬದಿಗಿಟ್ಟು ಬರೆದುಕೊಳ್ಳುತ್ತಿದ್ದೆ.

ಅಂಥದೇ ಮಂಪರಿನಲ್ಲಿ ಒಂದು ದಿನ ಕಾಗದ ಅದಲುಬದಲಾಯಿತು. ಶಂಕರಘಟ್ಟದ ಯೂನಿವರ್ಸಿಟಿಯಲ್ಲಿ ಇಂಗ್ಲಿಷ್ ಪಾಠ ಮಾಡುವ ಮೇಡಂ ಒಬ್ಬರ ಮನೆಯ ಶರ್ಟಿನೊಳಗೆ ನನ್ನ ಪ್ರಬಂಧ ಹೋಯಿತು. ಮರುದಿನ ಅವರೇ ಹಾಳೆ ಹಿಡಿದು ಬಂದರು. ತುಂಬ ಕೆಂಪು ಗೆರೆ.

“ಯಾರು ಬರ್ದಿದ್ದು ಇದು? ನಮ್ಮನೆಯವ್ರ ಶರ್ಟಲ್ಲಿ ಸಿಕ್ತು.”

“ನನ್ನ ಮಗಳು, ಮೇಡಂ. ಇಂಗ್ಲಿಷ್ ಪರೀಕ್ಷೆಗೆ ಕಟ್ಟಿದಾಳೆ,” ಎಂದುಬಿಟ್ಟೆ.

“ಜಾಣೆ. ಆದ್ರೆ ಒಂದೇ ವಾಕ್ಯದಲ್ಲಿ ನಾಲ್ಕು ವಿಷಯ ತುರುಕ್ತಾಳೆ. ಇನ್ನೂ ಬರ್ದಿದ್ರೆ ಬಟ್ಟೆ ಜೊತೆ ಇಟ್ಕಳ್ಸಿ, ನೋಡ್ತೀನಿ.”

ಸಂಜೆ ಸೊಪ್ಪು ಬಿಡಿಸುತ್ತಿದ್ದ ಹೆಂಡತಿ ಇದನ್ನು ಕೇಳಿ ನಕ್ಕು ನಕ್ಕು ಸುಸ್ತಾದಳು. “ಇರೋನು ಒಬ್ಬ ಮಗ, ಅವ್ನೂ ವರ್ಷವೆಲ್ಲ ಲಾರಿ ಮೇಲೆ. ನಂಗೇ ಗೊತ್ತಿಲ್ದೆ ಮಗಳು ಯಾವಾಗ ಹುಟ್ಟಿದ್ಲು ಮಾರಾಯ್ರೇ? ಹುಟ್ಟಿದ್ದು ಹುಟ್ಟಿದ್ಲು, ಎರಡು ಪಾತ್ರೆ ತೊಳ್ಯಕ್ಕೆ ಹೇಳಿ!”

ಎರಡು ತಿಂಗಳು ಹೀಗೇ ನಡೆಯಿತು. ಹಾಳೆಗಳು ಶರ್ಟಿನೊಳಗೆ ಹೋಗುತ್ತಿದ್ದವು, ಕೆಂಪಾಗಿ ವಾಪಸು ಬರುತ್ತಿದ್ದವು. ಬರುಬರುತ್ತ ಆ ಮಗಳು ನನಗೆ ಕಾಣತೊಡಗಿದಳು. ಮಧ್ಯಾಹ್ನದ ಹೊತ್ತು ಬಟ್ಟೆ ಗಂಟಿನ ಮೇಲೆ ಕಾಲು ಮಡಿಸಿ ಕೂತು, ಜಡೆಯ ತುದಿ ಕಚ್ಚುತ್ತ, ನಾನು ಬರೆದದ್ದನ್ನು ಓದುತ್ತಿದ್ದಳು. ತಪ್ಪು ಕಂಡರೆ ಹುಬ್ಬೇರಿಸುತ್ತಿದ್ದಳು. ಅವಳಿಗೆ ಹೆಸರಿಡಲು ಧೈರ್ಯ ಬರಲಿಲ್ಲ.

ಪರೀಕ್ಷೆಗೆ ಹತ್ತು ದಿನ ಇರುವಾಗ ಮೇಡಂ ಅಂದರು: “ಬರವಣಿಗೆ ಪಾಸಾಗತ್ತೆ. ಮಾತಾಡೋ ಪರೀಕ್ಷೇನೂ ಇದ್ಯಲ್ಲ, ಅದು ಕಾಗದದಲ್ಲಿ ಆಗಲ್ಲ. ಭಾನುವಾರ ಹುಡುಗೀನ ಮನೆಗೆ ಕಳ್ಸಿ.”

ನನ್ನ ಭಯವೂ ಅದೇ. ಪಾತ್ರೆಗಳ ಜೊತೆ ಬಿಟ್ಟರೆ ಯಾರ ಜೊತೆಗೂ ನಾನು ಇಂಗ್ಲಿಷ್ ಮಾತಾಡಿದವನಲ್ಲ. ಹೋಗದಿದ್ದರೆ ಪರೀಕ್ಷೆ ಹೋಗುತ್ತದೆ, ಹೋದರೆ ಮಾನ.

ಭಾನುವಾರ ನನ್ನದೇ ಶರ್ಟಿಗೆ ಗಂಜಿ ಹಾಕಿ, ಇಸ್ತ್ರಿ ಮಾಡಿ ತೊಟ್ಟು ಹೊರಟೆ. ಗೇಟು ತೆರೆದ ಮೇಡಂ ನನ್ನ ಬೆನ್ನ ಹಿಂದೆ ಇಣುಕಿದರು.

“ಎಲ್ಲಿ, ಮಗಳು?”

ದಾರಿಯುದ್ದಕ್ಕೂ ಉರು ಹೊಡೆದದ್ದನ್ನು ಹೇಳಿದೆ: “ಮೇಡಂ, ದೇರ್ ಈಸ್ ನೋ ಡಾಟರ್. ಐ ಆ್ಯಮ್ ದ ಸ್ಟೂಡೆಂಟ್.”

ಅವರು ನಗಲಿಲ್ಲ. “ಮೊದ್ಲೇ ಯಾಕೆ ಹೇಳ್ಲಿಲ್ಲ?”

“ಜಂಬ, ಮೇಡಂ. ಫೇಲಾದ್ರೆ ನಗ್ತಾರಲ್ಲ ಅಂತ.”

“ಅದನ್ನೂ ಇಂಗ್ಲಿಷಲ್ಲೇ ಹೇಳಿ.”

ಒದ್ದಾಡಿ ಒಂದು ವಾಕ್ಯ ಹೊಂದಿಸಿದೆ. ಅವರು ವರಾಂಡದ ಕುರ್ಚಿ ನನ್ನ ಕಡೆ ಎಳೆದು, ಪರೀಕ್ಷೆಯವರ ಹಾಗೇ ಇಂಗ್ಲಿಷಿನಲ್ಲಿ ಕೇಳಿದರು, ನಿಮ್ಮ ಮನೆಯಲ್ಲಿ ಯಾರ್‍ಯಾರಿದ್ದಾರೆ ಎಂದು.

ಹೆಂಡತಿ ಇದ್ದಾಳೆ ಎಂದೆ, ಅವಳ ಕೆಲಸದ ಬಗ್ಗೆ ಹೇಳಿದೆ. ಮಗ, ಅವನ ಲಾರಿ. ಅಷ್ಟರಲ್ಲಿ ಜಡೆಯ ತುದಿ ಕಚ್ಚುವವಳು ಕಣ್ಣ ಮುಂದೆ ಬಂದು ಕೂತಳು. ಪದ ಸಿಗುತ್ತಿಲ್ಲ ಅಂದುಕೊಂಡರೋ ಏನೋ, ಮೇಡಂ ಸುಮ್ಮನೆ ಕಾದರು. ಅಷ್ಟೇ ಜನ, ಎಂದು ಕೊನೆಗೆ ಇಂಗ್ಲಿಷಿನಲ್ಲಿ ಹೇಳಿದೆ.